ಅತ್ತೆಯ ತೂಕ ಇಳಿದ ದಿನ

ನಮ್ಮೂರಲ್ಲಿ ಲೋಹ ಸದ್ದು ಮಾಡುವುದಿಲ್ಲ. ಹಿತ್ತಾಳೆ, ತಾಮ್ರ, ಕಬ್ಬಿಣ, ಸ್ಟೀಲು, ಯಾವುದೂ ಮಾಡುವುದಿಲ್ಲ. ಕೊಡ ಕೈಜಾರಿ ಮೆಟ್ಟಿಲ ಮೇಲಿಂದ ಉರುಳಿದರೂ ಹತ್ತಿಯ ಮೂಟೆಯಂತೆ ತೆಪ್ಪಗೆ ಕೆಳಗೆ ಹೋಗಿ ಮಲಗುತ್ತದೆ. ಅದಕ್ಕೇ ಇಲ್ಲಿ ಪಾತ್ರೆ ಬೀಳಿಸಿದವರು ತಾವೇ "ಬಿತ್ತು" ಎಂದು ಕೂಗಬೇಕು. ಕೂಗದೆ ಸುಮ್ಮನಿದ್ದವರನ್ನು ಕಳ್ಳರ ಸಾಲಿಗೆ ಸೇರಿಸುತ್ತಾರೆ. ಸೈಕಲ್ಲಿನವರು "ಸೈಕಲ್ಲು, ಸೈಕಲ್ಲು" ಎಂದು ಬಾಯಲ್ಲೇ ಹೇಳಿಕೊಂಡು ಹೋಗುತ್ತಾರೆ. ನಮ್ಮ ಹೆಡ್‌ಮಾಸ್ತರರೂ ಹಾಗೆಯೇ, ಕೋಟು ಹಾಕಿಕೊಂಡು ಗಂಭೀರವಾಗಿ "ಸೈಕಲ್ಲು, ಸೈಕಲ್ಲು" ಎನ್ನುತ್ತಾ ಶಾಲೆಗೆ ಬರುತ್ತಾರೆ. ಶಾಲೆ ಬಿಟ್ಟದ್ದನ್ನು ತಮಟೆ ಬಡಿದು ತಿಳಿಸುತ್ತಾರೆ. ಗೆಜ್ಜೆ ಕಟ್ಟಿದ ಕೂಸು ಯಾವ ಮೂಲೆಗೆ ತೆವಳಿತೆಂದು ತಾಯಂದಿರಿಗೆ ಗೊತ್ತಾಗುವುದಿಲ್ಲ. ಆದರೂ ಗೆಜ್ಜೆ ಕಟ್ಟುತ್ತಾರೆ, ನೋಡಲು ಚೆಂದವಲ್ಲವೇ. ಆಚಾರಿ ಬೀದಿಯಲ್ಲಿ ಸುತ್ತಿಗೆಗೆ ಸದ್ದಿಲ್ಲದ್ದರಿಂದ ಪೆಟ್ಟಿನ ಲಯ ತಪ್ಪದಿರಲಿ ಎಂದು ಗಂಡಸರು ಹಾಡುತ್ತಾ ಬಡಿಯುತ್ತಾರೆ. ನಾನು ಆ ಬೀದಿಗೆ ಸೊಸೆಯಾಗಿ ಬಂದವಳು, ಹೆಸರು ಸರ್ವಮಂಗಳ. ನನ್ನ ಗಂಡ ಕಾಳಿಂಗಾಚಾರಿಯವರ ಕಂಠ ಕೇಳಿಯೇ ನಾನು ಮದುವೆಗೆ ಒಪ್ಪಿದ್ದು, ಮುಖವನ್ನು ಆಮೇಲೆ ನೋಡಿದ್ದು.

ಊರು ಎರಡು ತುಂಡಾಗಿದೆ. ಹೊಳೆಯ ಪಕ್ಕದಲ್ಲಿ ಕೆಳಪೇಟೆ, ಬಂಡೆಯ ನೆತ್ತಿಯ ಮೇಲೆ ಮೇಲ್ಪೇಟೆ. ಎರಡನ್ನೂ ಸೇರಿಸುವುದು ತೊಟ್ಟಿಲು. ಹೊರಗಿನವರು ಅದನ್ನು ಲಿಫ್ಟ್ ಎನ್ನುತ್ತಾರೆ. ಬಂಡೆಯಂಚಿನಿಂದ ಗಾಳಿಗೆ ಚಾಚಿದ ದಪ್ಪ ಕಬ್ಬಿಣದ ತೊಲೆಯೊಂದಿದೆ, ಅದನ್ನು ನಾವು ತೋಳು ಎನ್ನುತ್ತೇವೆ. ತೋಳಿನ ತುದಿಯಿಂದ ಉಕ್ಕಿನ ಹಗ್ಗಗಳಲ್ಲಿ ಪಂಜರ ತೂಗುತ್ತದೆ. ಸೊಪ್ಪಿನ ಹೊರೆ, ಮೇಕೆ, ಬಾಣಂತಿ, ಮದುವೆಗಂಡು, ಎಲ್ಲರೂ ಎಲ್ಲವೂ ಓಡಾಡುವುದು ಅದರಲ್ಲೇ. ಬಂಡೆಗೆ ಕಡಿದ ಮೆಟ್ಟಿಲುಗಳೂ ಇವೆ, ಬೇರೆ ದಾರಿಯಿಲ್ಲದಾಗ ಮಾತ್ರ ಹತ್ತುತ್ತಾರೆ. ಕೆಳಗೆ ಬಂದಾಗಲೂ ಪಂಜರ ನೆಲ ಮುಟ್ಟುವುದಿಲ್ಲ, ಒಂದು ಗೇಣು ಮೇಲೇ ತೂಗುತ್ತಿರುತ್ತದೆ. ಹಾಗಾಗಿ ಯಾರಾದರೂ ಒಳಗೆ ಕಾಲಿಟ್ಟ ಕ್ಷಣದಿಂದಲೇ ಅವರ ಭಾರ ತೋಳಿನ ಮೇಲೆ ಬೀಳುತ್ತದೆ. ಸದ್ದಿಲ್ಲದೆ ತಲೆಯ ಮೇಲೆ ಇಳಿಯುವ ವಸ್ತುವಾದ್ದರಿಂದ ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಮೇಲಿನ ಕೋಣೆಯಲ್ಲಿ ಕೂತವರು ಕೆಳಗಿನ ಬಯಲಿನ ತನಕ ಇಳಿದ ಬಿದಿರಿನ ಕೊಳವೆಯಲ್ಲಿ ಬಾಯಿಟ್ಟು "ಹೂಂ" ಎನ್ನುವ ತನಕ ಯಾರೂ ಪಂಜರ ಎಳೆಯುವ ಗಾಲಿ ತಿರುಗಿಸುವಂತಿಲ್ಲ. ಆ ಹೂಂ ಹೇಳುವ ಕೆಲಸ ನನ್ನದು. ಊರಿನಲ್ಲಿ ನನ್ನಷ್ಟು ಬೆಲೆಯ ಹೂಂ ಇನ್ನೊಬ್ಬರದಿಲ್ಲ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಹಿಂದೊಮ್ಮೆ ತೋಳಿನ ಬೆನ್ನ ಮೇಲೆ, ಬಂಡೆಗೆ ಹತ್ತಿರವಾದ ಬುಡದಲ್ಲಿ, ಒಂದು ಬಿರುಕು ಕಾಣಿಸಿಕೊಂಡಿತ್ತು. ವೆಲ್ಡಿಂಗ್ ಮಾಡಿದರೆ ಆ ಕಾವಿಗೆ ಪಕ್ಕದಲ್ಲಿ ಇನ್ನೊಂದು ಬಿರುಕು ಏಳುತ್ತದೆ ಎಂದು ಹೊರಗಿನಿಂದ ಬಂದ ಎಂಜಿನಿಯರ್ ಬೇಡವೆಂದರು. ಬಿರುಕು ಮುಂದೆ ಹರಿಯದಂತೆ ಅದರ ತುದಿಗೆ ಸಣ್ಣದೊಂದು ತೂತು ಕೊರೆದು, ಮೇಲೆ ಇಂಗಾಲದ ನೂಲಿನ ಕಪ್ಪು ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಕೂರಿಸಿ ತೇಪೆ ಹಾಕಬೇಕೆಂದರು. ತೇಪೆ ಹಾಕಿದವರು ನನ್ನ ಗಂಡ. ಆ ಪದರಗಳ ನಡುವೆ ಒಂದು ಆಪ್ಟಿಕಲ್ ಫೈಬರ್ ಮಲಗಿದೆ. ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಅದು, ಊರಿನವರ ಬಾಯಲ್ಲಿ ಬೆಳಕಿನ ನೂಲು. ಅದರೊಳಗೆ ಅಲ್ಲಲ್ಲಿ ಕಣ್ಣಿಗೆ ಕಾಣದ ಗೀಟುಗಳಿವೆ. ಒಂದು ತುದಿಯಿಂದ ಬೆಳಕು ಬಿಟ್ಟರೆ ಪ್ರತಿ ಗೀಟೂ ತನ್ನ ಪಾಲಿನ ಒಂದು ಬಣ್ಣವನ್ನು ಹಿಂದಕ್ಕೆ ಕಳಿಸುತ್ತದೆ. ತೋಳಿನ ಮೇಲೆ ಭಾರ ಬಿದ್ದು ತೇಪೆ ಹಿಗ್ಗಿದರೆ ನೂಲೂ ಹಿಗ್ಗುತ್ತದೆ, ಬಣ್ಣ ಒಂದು ಚೂರು ಸರಿಯುತ್ತದೆ, ನನ್ನ ಕೋಣೆಯ ಪರದೆಯ ಮೇಲೆ ಗೆರೆ ಮೇಲೇಳುತ್ತದೆ. ಬಿಸಿಲಿಗೂ ಗೆರೆ ಏಳುತ್ತದೆ. ಅದನ್ನು ಕಳೆಯಲು ಪಕ್ಕದಲ್ಲೇ ಯಾವ ಭಾರವೂ ತಾಗದೆ ಸುಮ್ಮನೆ ಬಿದ್ದುಕೊಂಡಿರುವ ಇನ್ನೊಂದು ನೂಲಿದೆ. ಎಂಜಿನಿಯರ್ ಇದನ್ನೆಲ್ಲ ನನಗೆ ಕಲಿಸಿಕೊಟ್ಟರು. ಅವರೂರಲ್ಲಿ ಕಬ್ಬಿಣವನ್ನು ತಟ್ಟಿ, ಕಿವಿಗೊಟ್ಟು ಬಿರುಕು ಹಿಡಿಯುವವರೂ ಇದ್ದಾರಂತೆ. ನಾವು ನಕ್ಕೆವು, ಅವರು ಬೇಜಾರು ಮಾಡಿಕೊಳ್ಳದೆ ಊರಿಗೆ ಹೋದರು.

ಗೆರೆ ನೋಡುತ್ತಾ ನೋಡುತ್ತಾ ನನಗೆ ಇಡೀ ಊರಿನ ತೂಕ ಬಾಯಿಪಾಠವಾಯಿತು. ಪಂಜರದೊಳಗೆ ಕಾಲಿಟ್ಟವರು ಯಾರೆಂದು ಕಿಟಕಿಯಿಂದ ನೋಡದೆಯೇ ಹೇಳುತ್ತಿದ್ದೆ. ಹೆಡ್‌ಮಾಸ್ತರರು ಯಾವ ತಿಂಗಳು ಪಥ್ಯ ಮಾಡಿದರು, ಯಾವ ತಿಂಗಳು ಬಿಟ್ಟರು ಎಂಬುದು ಅವರ ಮನೆಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ಹಾಲಿನ ಶಿವನಂಜಿ ಬಸುರಿ ಎಂಬುದು ಅವಳ ಗಂಡನಿಗಿಂತ ಮೊದಲು ನನಗೆ ತಿಳಿಯಿತು. ಒಂದನ್ನೂ ನಾನು ಹೊರಗೆ ಬಿಟ್ಟವಳಲ್ಲ. ಅತಿ ಎತ್ತರದ ಗೆರೆ ನಮ್ಮ ಅತ್ತೆ ದೇವೀರಮ್ಮನವರದು. ಪ್ರತಿ ಸಂತೆಯ ದಿನ ಅವರು ಕೆಳಪೇಟೆಗೆ ಹೊರಟರೆ ಗೆರೆ ಎದ್ದು ನಿಂತು ನಮಸ್ಕಾರ ಮಾಡುತ್ತಿತ್ತು. ಅವರಿಗೆ ಮಾತ್ರ ನನ್ನ ಕೆಲಸದ ಮೇಲೆ ಗೌರವವೇ ಇರಲಿಲ್ಲ. "ನನ್ನ ಮಗ ಬೆವರು ಸುರಿಸಿ ತೇಪೆ ಹಾಕ್ದ. ಇವಳು ಫ್ಯಾನ್ ಕೆಳಗೆ ಕೂತು ಅದನ್ನ ನೋಡ್ತಾಳೆ. ನೋಡೋದೂ ಒಂದು ಕೆಲಸವಾ?" ಎಂದು ಬೀದಿಯಲ್ಲಿ ಎಲ್ಲರೆದುರು ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಗೆರೆಗಳು ಕುಳ್ಳಗಾಗತೊಡಗಿದವು. ಒಬ್ಬರದಲ್ಲ, ಎಲ್ಲರದೂ. ಚಳಿಯಿರಬೇಕೆಂದು ಇನ್ನೊಂದು ನೂಲಿನ ಲೆಕ್ಕ ಕಳೆದು ನೋಡಿದೆ, ಚಳಿಯಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ಗಂಡನ ಕಿವಿಗೆ ಹಾಕಿದೆ.

"ಗೆರೆ ಇಳೀತಿದೆ ರೀ."

"ಇಳೀಲಿ ಬಿಡು, ಒಳ್ಳೇದೇ. ಅಂಟು ಹಣ್ಣಾಗ್ತಿದೆ. ಹಣ್ಣಾದಷ್ಟೂ ತೇಪೆ ಬಿಗಿಯಾಗತ್ತೆ. ಬಿಗಿಯಾದಷ್ಟೂ ಹಿಗ್ಗೋದು ಕಮ್ಮಿ."

ಮಾತು ಒಪ್ಪುವಂತೆಯೇ ಇತ್ತು. ಅವರ ಕೈಕೆಲಸದ ಮೇಲೆ ನನಗೆ ಅವರಿಗಿಂತ ಹೆಚ್ಚು ನಂಬಿಕೆ. ತೊಟ್ಟಿಲ ಸಮಿತಿಯ ಅಧ್ಯಕ್ಷರಾದ ಪರ್ವತಯ್ಯನವರಿಗಂತೂ ಹಿಡಿಸಲಾರದಷ್ಟು ಸಂತೋಷ. ಲೋಹ ಮೂಕವಾಗಿರುವ ಊರಲ್ಲಿ ಹುಟ್ಟಿ ಬೆಳೆದವರಿಗೆ ಕಬ್ಬಿಣ ಎಷ್ಟು ಸುಮ್ಮನಿದ್ದರೆ ಅಷ್ಟು ಸರಿಯಾಗಿದೆ ಎಂದೇ ಅನ್ನಿಸುತ್ತದೆ. "ತೋಳು ಮೊದಲಿಗಿಂತ ಗಟ್ಟಿಯಾಗಿದೆ" ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಮೇಲ್ಪೇಟೆಯ ಹೆಂಗಸರು ಆ ಮಾತನ್ನು ಅಲ್ಲೇ ಹಿಡಿದುಕೊಂಡರು. ರಾಗಿ ಬೀಸಿಸಲು ಅವರು ಕೆಳಪೇಟೆಗೆ ಹೋಗಿ ಸಾಲು ನಿಲ್ಲಬೇಕಿತ್ತು. ಗಟ್ಟಿಯಾಗಿದೆಯಲ್ಲ, ಹಾಗಾದರೆ ನಮಗೂ ಒಂದು ಹಿಟ್ಟಿನ ಗಿರಣಿ ಮೇಲೆ ತರಿಸಿಕೊಡಿ ಎಂದರು. ಅಷ್ಟು ಭಾರದ ವಸ್ತುವನ್ನು ತೋಳು ಹಿಂದೆಂದೂ ಎತ್ತಿರಲಿಲ್ಲ. ದೊಡ್ಡ ಭಾರ ಮೊದಲ ಸಲ ಏರುವಾಗ ದುರಸ್ತಿ ಮಾಡಿದವನು ಅದರ ಜೊತೆ ಪಂಜರದಲ್ಲಿ ನಿಲ್ಲಬೇಕೆಂಬುದು ನಮ್ಮಲ್ಲಿ ಅಜ್ಜನ ಕಾಲದ ಪದ್ಧತಿ. ನನ್ನ ಗಂಡ ಸಂತೋಷದಿಂದಲೇ ಒಪ್ಪಿಕೊಂಡು ಬಂದರು.

ಗಿರಣಿ ಏರುವ ದಿನ ಅತ್ತೆ ಬೆಳಿಗ್ಗೆಯೇ ಅಕ್ಕಿರೊಟ್ಟಿ ಮಾಡಿಸಿದರು. ಮಗನಿಗೆ ಬಡಿಸಿದರು, ತಾವೂ ಗಟ್ಟಿಯಾಗಿ ತಿಂದರು, ಆಮೇಲೆ ರೇಷ್ಮೆ ಸೀರೆ ಉಟ್ಟರು.

"ನೀವೆಲ್ಲಿಗೆ ಅತ್ತೆ?" ಎಂದು ಕೇಳಿದೆ.

"ಮಗನ ಜೊತೆ ನಾನೂ ಹತ್ತೀನಿ. ನನ್ನ ಮಗನ ಕೆಲಸ ಎಂಥದ್ದು ಅಂತ ಊರು ನೋಡ್ಲಿ. ನೀನು ಹೋಗಿ ನಿನ್ನ ದಾರ ನೋಡ್ಕೋ."

ಅವರಿಬ್ಬರೂ ಮೆಟ್ಟಿಲಿಳಿದು ಕೆಳಗೆ ಹೋದರು, ನಾನು ಹೋಗಿ ನನ್ನ ದಾರ ನೋಡಿಕೊಂಡು ಕೂತೆ. ಕೆಳಗೆ ಬಯಲಲ್ಲಿ ಜನ ಕಿಕ್ಕಿರಿದು ಸೇರಿದ್ದರು. ಗಿರಣಿಯನ್ನು ಮರದ ಉರುಳೆಗಳ ಮೇಲೆ ಪಂಜರದ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಮೊದಲು ನನ್ನ ಗಂಡ ಒಳಗೆ ಕಾಲಿಟ್ಟರು. ಗೆರೆ ಹೌದೋ ಅಲ್ಲವೋ ಎನ್ನುವಷ್ಟು ಎದ್ದಿತು. ಕಿಟಕಿಯಿಂದ ಬಗ್ಗಿ ನೋಡಿದೆ, ಅವರು ಪೂರ್ತಿ ಒಳಗೆ ನಿಂತಿದ್ದರು. ಆಮೇಲೆ ಅತ್ತೆ ಹತ್ತಿದರು. ಗೆರೆಯಲ್ಲಿ ಏನೂ ಬದಲಾಗಲಿಲ್ಲ. ಒಂದು ಕೋಳಿ ಹತ್ತಿದ್ದರೂ ಅದಕ್ಕಿಂತ ಹೆಚ್ಚು ಏಳುತ್ತಿತ್ತು.

ಅಂಟು ಎಷ್ಟೇ ಹಣ್ಣಾಗಲಿ, ದೇವೀರಮ್ಮನವರನ್ನು ಕೋಳಿಗಿಂತ ಹಗುರ ಮಾಡಲು ಸಾಧ್ಯವಿಲ್ಲ. ಅವರು ರೊಟ್ಟಿಯ ಮೇಲೆ ರೊಟ್ಟಿ ತಿಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಷ್ಟು ಭಾರ ಎಲ್ಲೋ ಹೋಗಲೇಬೇಕು. ತೇಪೆ ಹೊರುತ್ತಿಲ್ಲವೆಂದರೆ ಅದರಡಿಯ ಒಡೆದ ಕಬ್ಬಿಣವೇ ಹೊರುತ್ತಿದೆ ಎಂದರ್ಥ. ತೇಪೆ ಗಟ್ಟಿಯಾಗಿರಲಿಲ್ಲ, ಬಿಟ್ಟುಹೋಗಿತ್ತು. ಯಾರೂ ಎಳೆಯದ ನೂಲು ಹಾಯಾಗಿ ಮಲಗಿತ್ತು. ಇಷ್ಟು ದಿನ ನಾವು ಆ ನಿದ್ದೆಯನ್ನೇ ಆರೋಗ್ಯ ಎಂದುಕೊಂಡಿದ್ದೆವು.

ಕೊಳವೆಯಲ್ಲಿ ಪರ್ವತಯ್ಯನವರ ದನಿ ಬಂತು. "ಮಂಗಳಮ್ಮಾ, ಗಿರಣಿ ಒಳಗೆ ತಳ್ಳಿಸ್ತೀವಿ. ಹೂಂ ಅನ್ನಮ್ಮ."

"ಊಹೂಂ" ಎಂದೆ.

ಆ ಕೊಳವೆಯಲ್ಲಿ ಊಹೂಂ ಇಳಿದದ್ದು ಅದೇ ಮೊದಲು.

"ಏನಂದೆ ತಾಯಿ?"

"ಗಿರಣಿ ಮುಟ್ಟಬೇಡಿ ಅಂದೆ. ಅವರಿಬ್ಬರನ್ನೂ ಇಳಿಸಿ. ಅತ್ತೆ ಹತ್ತಿದ್ರೆ ಗೆರೆ ಏಳ್ತಾನೇ ಇಲ್ಲ. ತೇಪೆ ಬಿಟ್ಟಿದೆ."

ಆಮೇಲೆ ಒಬ್ಬೊಬ್ಬರಾಗಿ ಕೊಳವೆಗೆ ಬಾಯಿಟ್ಟರು. ಗೆರೆ ಏಳದಿರುವುದು ಗಟ್ಟಿಯಾದ್ದಕ್ಕಲ್ಲವೇ ಎಂದು ಪರ್ವತಯ್ಯ ಕೇಳಿದರು. ಮೇಲ್ಪೇಟೆಯ ಹೆಂಗಸೊಬ್ಬಳು ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಏನೋ ಅಂದಳು. ಅತ್ತೆ ಪಂಜರದಿಂದಲೇ ಬಗ್ಗಿ ಕೊಳವೆಗೆ ಬಾಯಿಟ್ಟರು. "ನಂಗೆ ತೂಕವಿಲ್ಲ ಅಂತೀಯೇನೇ? ಇಷ್ಟು ಜನದ ಮುಂದೆ?" ಕೊನೆಗೆ ನನ್ನ ಗಂಡನ ದನಿ ಬಂತು. ಅದರಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವಮಾನವಿತ್ತು.

"ನನ್ನ ತೇಪೆ ಇವತ್ತಿನವರೆಗೂ ಒಂದೂ ಬಿಟ್ಟಿಲ್ಲ ಕಣೇ. ಊರೇ ನಿಂತಿದೆ ಇಲ್ಲಿ. ಹೂಂ ಅನ್ನು."

"ಅನ್ನಲ್ಲ ರೀ."

"ನಾನು ಹೇಳ್ತಿದೀನಿ."

"ನೀವು ಹೇಳ್ತಿರೋದಕ್ಕೇ ಅನ್ನಲ್ಲ. ನೀವು ಒಳಗಿದೀರಲ್ಲ."

ಅವರು ಇಳಿಯಲಿಲ್ಲ. ದುರಸ್ತಿ ಮಾಡಿದವನು ಪಂಜರದಿಂದ ಇಳಿದುಬಿಟ್ಟರೆ ಅವನ ಕೈಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಗಿರಣಿಯ ಹಿಂದೆ ನಿಂತ ನಾಲ್ಕು ಜನ ಅಂಗಿಯ ಕೈ ಮಡಚಿಕೊಂಡು ಕಾಯುತ್ತಿದ್ದರು. ಪರ್ವತಯ್ಯ ಅವರಿಗೆ ಏನೋ ಸನ್ನೆ ಮಾಡಿದಂತೆ ಕಾಣಿಸಿತು. ಹೂಂ ಇಲ್ಲದೆ ಗಾಲಿ ತಿರುಗುವುದಿಲ್ಲ, ನಿಜ. ಆದರೆ ಗಿರಣಿಯನ್ನು ಒಳಗೆ ತಳ್ಳಲು ಹೂಂ ಬೇಕಿಲ್ಲ, ತಳ್ಳಿದರೇ ಸಾಕು, ಭಾರ ತೋಳಿಗೆ ಬಿದ್ದ ಹಾಗೆಯೇ. ಪರದೆಯ ಮೇಲಿನ ಗೆರೆಯನ್ನು ಕೆಳಗಿನವರಿಗೆ ತೋರಿಸುವ ಹಾಗಿಲ್ಲ, ತೋರಿಸಿದರೂ ಅವರು ಗಟ್ಟಿ ಎಂದೇ ಓದುತ್ತಾರೆ. ಅವರು ನಂಬುವಂಥದ್ದು ಏನಾದರೂ ಬೇಕಿತ್ತು.

ಆಗ ಹೊಳೆಯಿತು. ತೇಪೆ ಲೋಹವಲ್ಲ, ಬಟ್ಟೆ ಮತ್ತು ಅಂಟು. ಕಬ್ಬಿಣಕ್ಕೆ ಬಿಗಿಯಾಗಿ ಕೂತದ್ದೆಲ್ಲ ಕಬ್ಬಿಣದ ಜೊತೆಗೇ ಮೂಕವಾಗುವುದು ನಮ್ಮೂರಿನ ಪ್ರತಿ ಅಡುಗೆಮನೆಗೂ ಗೊತ್ತಿರುವ ಸಂಗತಿ. ಈಳಿಗೆಮಣೆಯ ಮರವಾಗಲಿ, ಕುಡುಗೋಲಿನ ಹಿಡಿಯಾಗಲಿ, ತಟ್ಟಿದಾಗ ಸುಮ್ಮನಿದ್ದರೆ ಗಟ್ಟಿ. ಮಾತಾಡಿತೆಂದರೆ ಸಡಿಲವಾಗಿದೆ, ಕೈಗೆ ಬರುತ್ತದೆ. ಕೋಣೆಯ ಮೂಲೆಯಲ್ಲಿ ಬೆಣೆ ಬಡಿಯುವ ಮರದ ಕೊಡತಿ ಇತ್ತು. ಅದನ್ನು ಎತ್ತಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕಿಟಕಿ ದಾಟಿ ತೋಳಿನ ಬೆನ್ನ ಮೇಲೆ ಮಂಡಿಯೂರಿ ಹೊರಟೆ. ಕೆಳಗೆ ನೋಡಬಾರದೆಂದುಕೊಂಡು ನೋಡಿದೆ. ಎಲ್ಲ ಮುಖಗಳೂ ಮೇಲಕ್ಕೆ ತಿರುಗಿದ್ದವು. ಗಿರಣಿಯವರೂ ಕೈಬಿಟ್ಟು ನನ್ನನ್ನೇ ನೋಡುತ್ತಿದ್ದರು. ಹೆದರಿಕೆಯಾಯಿತು, ಆದರೆ ಆ ಪಂಜರದಲ್ಲಿ ಇದ್ದವರು ನನ್ನವರು.

ಮೊದಲು ಬರಿಯ ಕಬ್ಬಿಣಕ್ಕೆ ಬಡಿದೆ, ಏನೂ ಇಲ್ಲ. ತೇಪೆಯ ಅಂಚಿಗೆ ಬಡಿದೆ, ಏನೂ ಇಲ್ಲ. ಒಂದು ಗಳಿಗೆ ನನ್ನದೇ ತಪ್ಪೇನೋ ಎನ್ನಿಸಿತು. ಸ್ವಲ್ಪ ಮುಂದಕ್ಕೆ ಸರಿದು ತೇಪೆಯ ನಡುವೆ, ಬಿರುಕು ಇರುವ ಜಾಗಕ್ಕೆ ಬಡಿದೆ.

ಟೊಕ್.

ಇನ್ನೊಮ್ಮೆ ಬಡಿದೆ. ಟೊಕ್, ಟೊಕ್, ಟೊಕ್. ಕಬ್ಬಿಣದ ತೋಳಿನಿಂದ ಸದ್ದು ಬರುವುದನ್ನು ನಮ್ಮೂರು ಆವತ್ತಿನವರೆಗೆ ಕೇಳಿರಲಿಲ್ಲ. ಕೆಳಪೇಟೆಯ ಮುದುಕಿಯರು ಕೈಮುಗಿದರಂತೆ, ಆಮೇಲೆ ಹೇಳಿದರು.

ಮೊದಲು ಬಾಯಿಬಿಟ್ಟವರು ಅತ್ತೆ. ಅವರ ದನಿಗೆ ಕೊಳವೆ ಬೇಕಾಗುವುದಿಲ್ಲ, ಮೇಲಿದ್ದ ನನಗೂ ಪ್ರತಿ ಮಾತು ಕೇಳಿಸಿತು.

"ಇಳಿಯೋ."

"ಅವ್ವ, ಅದು ಹಾಗಲ್ಲ..."

"ಇಳಿಯೋ ಅಂದೆ. ಹಿಡಿ ಮಾತಾಡೋ ಕುಡುಗೋಲು ತಗೊಂಡು ನಾನು ಯಾವತ್ತಾದ್ರೂ ಹುಲ್ಲಿಗೆ ಹೋಗಿದೀನಾ?"

ಮಗನ ರಟ್ಟೆ ಹಿಡಿದು ಎಳೆದುಕೊಂಡೇ ಅವರು ಪಂಜರದಿಂದ ಕೆಳಗೆ ಬಂದರು. ಗಿರಣಿಯನ್ನು ಹಿಂದಕ್ಕೆ ಉರುಳಿಸಿದರು. ನಾನು ತೋಳಿನ ಮೇಲೆಯೇ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸುಮ್ಮನೆ ಬಂತು.

ನನ್ನ ಗಂಡ ಮೆಟ್ಟಿಲು ಹತ್ತಿಕೊಂಡು ಏದುಸಿರು ಬಿಡುತ್ತಾ ಬಂದರು. ನನ್ನ ಮುಖ ನೋಡಲಿಲ್ಲ. ಕೊಡತಿ ತೆಗೆದುಕೊಂಡು ತಾವೇ ಬಡಿದು ಕೇಳಿದರು. ಆಮೇಲೆ ಅಗಲವಾದ ಉಳಿ ತಂದು ತೇಪೆಯ ಅಂಚನ್ನು ಎಬ್ಬಿಸಿದರು. ಅಂಚು ಬಿಡಲು ಬಹಳ ಹೊತ್ತು ಹಿಡಿಯಿತು, ಅಷ್ಟು ಚೆನ್ನಾಗಿ ಕೂತಿತ್ತು. ನಡುವೆ ಬಂದಾಗ ಮಾತ್ರ ಹಪ್ಪಳದಂತೆ ತಾನಾಗಿಯೇ ಎದ್ದು ಬಂತು. ಅಡಿಯಲ್ಲಿ ಬಿರುಕು ಅವರು ಕೊರೆದ ತೂತನ್ನು ದಾಟಿ ಆಚೆಗೆ ನಡೆದಿತ್ತು. ತೂತಿನಿಂದಾಚೆಗೆ ಅವರು ಅಂಗೈ ಇಟ್ಟು ಅಳೆದರು. ಅಂಗೈ ಮುಗಿದ ಮೇಲೂ ಬಿರುಕು ಮುಗಿದಿರಲಿಲ್ಲ.

"ಗಿರಣಿ ಹತ್ತಿದ್ರೆ..." ಎಂದರು.

ಬಿರುಕಿನ ಪಕ್ಕದಲ್ಲೇ ಕಬ್ಬಿಣದ ಮೇಲೆ ಮೂರು ಬೆರಳಿನ ಒಂದು ಕೆಂಪು ಗುರುತಿತ್ತು. ಸುತ್ತ ಎಣ್ಣೆಯ ಜಿಡ್ಡು ಹಳದಿಯಾಗಿ ಹರಡಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ, ಕುಂಕುಮ.

"ಇದೇನು ರೀ?"

ಅವರು ಉಳಿಯನ್ನು ಪಕ್ಕಕ್ಕಿಟ್ಟರು.

"ಅವ್ವ ಇಟ್ಟಿದ್ದು. ತೇಪೆ ಹಾಕೋ ಹಿಂದಿನ ದಿನ ಇಲ್ಲಿಗೆ ಬಂದು ಎಣ್ಣೆ, ಕುಂಕುಮ ಇಟ್ಟು, ಕೈಮುಗಿದು ಹೋದಳು. ನನ್ನ ಮಗನ ಕೆಲಸ ನಿಲ್ಲಲಿ ಅಂತ. ಬೆಳಿಗ್ಗೆ ಬಂದು ಇಡೀ ಜಾಗ ಉಜ್ಜಿದೆ, ಸ್ಪಿರಿಟ್ ಹಾಕಿ ಒರೆಸಿದೆ. ಇದೊಂದು ಮಾತ್ರ..."

"ಬಿಟ್ಟುಬಿಟ್ರಿ."

"ಅವ್ವ ಇಟ್ಟ ಕುಂಕುಮ ಕಣೇ. ನನ್ನ ಕೈಯಾರೆ ಒರೆಸೋಕೆ ಮನಸ್ಸು ಬರಲಿಲ್ಲ. ಇಷ್ಟಗಲ ಜಾಗ, ಏನಾಗ್ಬಿಡತ್ತೆ ಅಂದ್ಕೊಂಡೆ."

ಜಿಡ್ಡಿನ ಮೇಲೆ ಅಂಟು ಕೂರುವುದಿಲ್ಲವೆಂಬುದು ಅವರಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಆ ಮೂರು ಬೆರಳಿನಗಲದಿಂದ ಶುರುವಾದ ಪೊಳ್ಳು ದಿನದಿನಕ್ಕೆ ಹರಡಿಕೊಂಡು ಹೋಗಿತ್ತು. ನನಗೆ ಅವರ ಮೇಲೆ ಉರಿದುಹೋಗುವಷ್ಟು ಸಿಟ್ಟು ಬಂತು. ಅದೇ ಹೊತ್ತಿಗೆ, ತಾಯಿಯ ಬೆರಳಚ್ಚನ್ನು ಒರೆಸಲಾರದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತ ಆ ಮನುಷ್ಯನನ್ನು ನೆನೆದು ತಬ್ಬಿಕೊಳ್ಳಬೇಕೆನ್ನಿಸಿತು. ತೋಳಿನ ಮೇಲೆ ಎರಡೂ ಮಾಡುವಷ್ಟು ಜಾಗವಿರಲಿಲ್ಲ.

ಕೆಳಗಿನಿಂದ ಪರ್ವತಯ್ಯ ಕೂಗಿ ಕೇಳಿದರು, "ಏನಾಗಿತ್ತು ಆಚಾರ್ರೇ?"

"ತೇಪೆ ಬಿಟ್ಟಿತ್ತು," ಎಂದು ಇವರು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. "ತಪ್ಪು ನಂದು. ಸರಿಯಾಗಿ ಉಜ್ಜಿರಲಿಲ್ಲ."

ಅಷ್ಟೇ ಹೇಳಿದರು. ನಾನೂ ಒಂದು ಮಾತು ಸೇರಿಸಲಿಲ್ಲ. ಆದರೆ ಅವರು ಕಿತ್ತ ತೇಪೆಯನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಬರುವಾಗ ಅದರ ಒಳಮೈಗೆ ಹತ್ತಿದ ಕೆಂಪನ್ನು ಅತ್ತೆ ನೋಡಿದರು. ಜಗಲಿಯ ಮೇಲೆ ಕೂತಿದ್ದವರು ಹಾಗೆಯೇ ಎದ್ದು ಒಳಗೆ ಹೋದರು. ಎಷ್ಟೋ ದಿನ ಅವರ ಬಾಯಿಂದ ದಾರ ಎಂಬ ಮಾತು ಬರಲಿಲ್ಲ. ನನಗೇ ಅದು ಇಲ್ಲದೆ ಬೇಜಾರಾಯಿತು.

ಎರಡನೆಯ ಸಲ ದುರಸ್ತಿ ಮಾಡುವಾಗ ತೊಟ್ಟಿಲು ನಿಂತಿತ್ತು. ಊರಿನವರು ಮೆಟ್ಟಿಲು ಹತ್ತಿ ಇಳಿದು ನಮ್ಮಿಬ್ಬರನ್ನೂ ಮನಸಾರೆ ಬೈದರು. ಬಿರುಕಿನ ಹೊಸ ತುದಿ ಹುಡುಕಿ ತೂತು ಕೊರೆದದ್ದಾಯಿತು. ಮೊದಲಿಗಿಂತ ಉದ್ದನೆಯ ತೇಪೆ ಕತ್ತರಿಸಿದ್ದಾಯಿತು. ನೂಲು ಎಲ್ಲೆಲ್ಲಿ ಮಲಗಬೇಕೆಂದು ಈ ಸಲ ನಾನು ಹೇಳಿದೆ, ಅವರು ಕೇಳಿದರು. ಬಿರುಕಿನ ಮೇಲೊಂದು, ತೇಪೆಯ ಎರಡೂ ಅಂಚಿಗೆ ಒಂದೊಂದು, ಪಕ್ಕದ ಬರಿಯ ಕಬ್ಬಿಣಕ್ಕೆ ಇನ್ನೊಂದು. ತೇಪೆ ಭಾರ ಬಿಟ್ಟುಕೊಟ್ಟರೆ ಪಕ್ಕದ ಕಬ್ಬಿಣ ಅದನ್ನು ಹೇಳಬೇಕು. ಗೆರೆ ಏರಿದರೂ ಕಾರಣ ಕೇಳಬೇಕು, ಇಳಿದರೂ ಕೇಳಬೇಕು. ಅಂಟು ಹಚ್ಚುವ ದಿನ ಅತ್ತೆ ಬಂದಿದ್ದರು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರದಲ್ಲಿ ನಿಂತಿದ್ದರು. ಕಬ್ಬಿಣದ ಹತ್ತಿರಕ್ಕೂ ಬರಲಿಲ್ಲ. ಎಲ್ಲ ಮುಗಿದು ತೇಪೆ ಒಣಗಿದ ಮೇಲೆ ಮಗನೇ ಕುಂಕುಮದ ಭರಣಿ ತಂದು ಅವರ ಮುಂದೆ ಹಿಡಿದು, "ಈಗ ಇಡವ್ವ, ಮೇಲೆ ಇಡು" ಎಂದರು. ಅತ್ತೆಗೆ ಅಳು ತಡೆಯಲಾಗಲಿಲ್ಲ.

ಗಿರಣಿ ಏರಿಸಲು ಮತ್ತೆ ದಿನ ನೋಡಿದರು. ಸಮಿತಿಯವರ ಮುಂದೆ ನನ್ನ ಗಂಡ ಎದ್ದು ನಿಂತು ಈ ಸಲ ತಾವು ಪಂಜರ ಹತ್ತುವುದಿಲ್ಲ ಎಂದರು.

ಪರ್ವತಯ್ಯ ಹುಬ್ಬೇರಿಸಿದರು. "ಹೆದರಿಕೆಯಾ ಆಚಾರ್ರೇ?"

"ಹೌದು ಅಯ್ನೋರೇ. ಹೋದ ಸಲ ನಂಗೆ ಹೆದರಿಕೆ ಇರಲಿಲ್ಲ, ಅದೇ ಕೆಟ್ಟದ್ದಾಯ್ತು. ಬಿದ್ರೆ ನಾನು ತಾನೇ ಬೀಳೋದು ಅಂತ ಎದೆ ಉಬ್ಬಿಸ್ಕೊಂಡು ಹತ್ತೋದು ಸಲೀಸು. ನನ್ನ ಬದಲು ನನ್ನವರು ಹತ್ತಲಿ, ನಾನು ಮೇಲೆ ಕೂತು ಗೆರೆ ನೋಡ್ತೀನಿ. ಆಗ ನನ್ನ ಬಾಯಿಂದ ಹೂಂ ಬಂದ್ರೆ ಕೆಲಸ ಸರಿಯಾಗಿದೆ ಅಂತ ತಿಳ್ಕೊಳ್ಳಿ."

ಹೆಂಗಸರನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಗಂಡಸು ಎಂದು ಯಾರೋ ಗೊಣಗಿದರು. ನಾನು ಎದ್ದು ನಿಂತೆ. "ನಾನು ಹತ್ತೀನಿ. ಗೆರೆ ನೋಡೋದನ್ನ ಅವರಿಗೆ ನಾನೇ ಕಲಿಸಿದೀನಿ. ನಾನು ಕಲಿಸಿದ್ದರ ಮೇಲೆ ನಂಗೆ ನಂಬಿಕೆ ಇದೆ," ಎಂದೆ. ಅತ್ತೆ ಪಕ್ಕದಲ್ಲಿದ್ದವರ ಹೆಗಲು ಹಿಡಿದು ಎದ್ದು, "ನಾನೂ" ಎಂದರು.

ಸಮಿತಿಯ ಮುಂದೆ ಹಾಗೆಲ್ಲ ಹೇಳಿದ್ದು ನಿಜ. ಆದರೆ ಪಂಜರದೊಳಗೆ ನಿಂತು, ಗಿರಣಿ ಒಳಗೆ ಬಂದು, ಕಾಲಡಿಯ ಹಲಗೆ ಒಂದು ಚೂರು ಕುಸಿದಾಗ ನಾನು ಪಂಜರದ ಸರಳು ಹಿಡಿದುಕೊಂಡೆ. ತಲೆಯ ಮೇಲಿನ ಹಗ್ಗಗಳು ಬಿಗಿದವು, ಎಂದಿನಂತೆ ಸದ್ದಿಲ್ಲದೆ. ಎಷ್ಟು ವರ್ಷ ಆ ಮೇಲಿನ ಕೋಣೆಯಲ್ಲಿ ಕೂತು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಹೂಂ ಎಂದಿದ್ದೇನೆ. ಅದಕ್ಕಾಗಿ ಕಾಯುತ್ತಾ ಕೆಳಗೆ ನಿಲ್ಲುವುದು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೂಂ ಬರಲಿಲ್ಲ. ಬಯಲಿನ ಜನ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ಪರ್ವತಯ್ಯ ಕೊಳವೆಯಲ್ಲಿ ಒಮ್ಮೆ ಕೆಮ್ಮಿದರು. ಆಗಲೂ ಬರಲಿಲ್ಲ.

"ಏನ್ ಮಾಡ್ತಿದಾನೇ ಅವನು?" ಎಂದರು ಅತ್ತೆ.

"ನೋಡ್ತಿದಾರೆ ಅತ್ತೆ."

"ಇಷ್ಟು ಹೊತ್ತಾ ನೋಡೋದು?"

"ಇನ್ನೂ ನೋಡಲಿ ಬಿಡಿ."

ಕೊಳವೆಯಲ್ಲಿ ಉಸಿರಾಡುವುದು ಕೇಳಿಸಿತು. "ಅವ್ವನ ಗೆರೆ ಬಂದಿದೆ," ಎಂದಿತು ಅವರ ದನಿ. ಸ್ವಲ್ಪ ತಡೆದು, "ಪೂರ್ತಿ ಬಂದಿದೆ. ಮಂಗಳಾ, ನಿಂದೂ ಬಂದಿದೆ." ಮತ್ತೆ ಸುಮ್ಮನಾಯಿತು. ಗಿರಣಿಯ ಗೆರೆ ಎಲ್ಲಿಗೆ ಏರಬೇಕು, ಅಂಚಿನ ನೂಲುಗಳು ಎಷ್ಟರಲ್ಲಿ ನಿಲ್ಲಬೇಕು, ಪಕ್ಕದ ಕಬ್ಬಿಣ ಏನು ಹೇಳಬೇಕು, ಅವರು ಒಂದೊಂದನ್ನೂ ಮೊದಲಿನಿಂದ ಮತ್ತೆ ನೋಡುತ್ತಿದ್ದಾರೆಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ಯಾರಾದರೂ ನನ್ನನ್ನು ಇಷ್ಟು ಹೊತ್ತು ನೋಡಿದ್ದು ಆ ಮೊದಲು ನೆನಪಿಲ್ಲ.

ಕೊನೆಗೆ ಹೂಂ ಬಂತು. ಅದು ನಾನು ಹೇಳುವಂಥ ಹೂಂ ಆಗಿರಲಿಲ್ಲ. ಅತ್ತು ಮುಗಿಸಿ ಮೂಗೊರೆಸಿಕೊಂಡವರ ದನಿ ಅದು. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ತೊಟ್ಟಿಲು ಮೇಲೆದ್ದಿತು.